ನೆಲಕ್ಕೂ ಹದ ಬರಬೇಕು

ಅಮೆರಿಕದಲ್ಲಿರುವ ಮಗಳು ಮೊನ್ನೆ ಫೋನ್ ಮಾಡಿದ್ದಳು. "ಅಮ್ಮ, ಮನೆಯ ಮರದ ನೆಲ ಉಜ್ಜಿಸಿ ಹೊಸದಾಗಿ ಎಣ್ಣೆ ಪಾಲಿಶ್ ಮಾಡಿಸಿದೆವು. ಮುಟ್ಟಿದರೆ ಒಣಗಿದೆ. ಆದರೂ ಒಂದು ತಿಂಗಳು ಜಮಖಾನೆ ಹಾಸಬೇಡಿ ಅಂತಾನೆ ಕೆಲಸದವನು. ಬರುವ ವಾರ ಮನೆಯಲ್ಲಿ ಪೂಜೆ ಇದೆ, ಜನ ಬರ್ತಾರೆ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಕೊಟ್ಟೂರಿನ ನಮ್ಮ ನಡುಮನೆ ಕಣ್ಣ ಮುಂದೆ ಬಂತು.

2021ರಿಂದ ವಿಜಯನಗರ ಜಿಲ್ಲೆಗೆ ಸೇರಿದ ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಮರದ ನೆಲವನ್ನು ನಾನು ಕಂಡಿಲ್ಲ. ನಮ್ಮದು ಮಣ್ಣಿನ ಮಾಳಿಗೆ, ಮಣ್ಣಿನ ನೆಲ. ಮಣ್ಣು ಹದ ಮಾಡಿ ಬಡಿದು, ಸಗಣಿಯಿಂದ ಸಾರಿಸಿದರೆ ಆಯಿತು. ಆರಿದರೆ ಗಟ್ಟಿ, ನೀರು ಬಿದ್ದರೆ ಮತ್ತೆ ಕೆಸರು. ಆದ್ದರಿಂದ ಸಾರಿಸುವ ಕೆಲಸ ಹೆಂಗಸರಿಗೆ ಮುಗಿದದ್ದೇ ಇಲ್ಲ.

ಉಳ್ಳವರ ಮನೆಗೆ, ಗುಡಿಗಳಿಗೆ ಸುಣ್ಣದ ಗಚ್ಚು. ಹಂಪಿಯ ಕಮಲ ಮಹಲಿನಲ್ಲಿ ಆ ಗಚ್ಚಿನ ಕುಸುರಿಯನ್ನು ನೀವೂ ನೋಡಿರಬಹುದು. ಸುಣ್ಣ ಬರೀ ಒಣಗುವುದಿಲ್ಲ. ಗಾಳಿಯ ಇಂಗಾಲಾಮ್ಲವನ್ನು ಹೀರಿಕೊಂಡು ತಿಂಗಳುಗಟ್ಟಲೆ ನಿಧಾನವಾಗಿ ಕಲ್ಲಾಗುತ್ತದೆ. ಅದಕ್ಕೆ ಸುಟ್ಟ ಮಣ್ಣಿನ ಪುಡಿ, ಅಂದರೆ ಸುರ್ಕಿ, ಬೆರೆಸಿದರೆ ನೀರಿನೊಳಗೂ ಗಟ್ಟಿಯಾಗುತ್ತದೆ. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಈ ಸುರ್ಕಿ ಗಾರೆಯೇ.

ಆಮೇಲೆ ನಮ್ಮ ಮನೆಗಳಿಗೆ ಸಿಮೆಂಟು ಬಂತು, ಅದರ ಜೊತೆಗೆ ಕೆಂಪು ನೆಲ. ಅಪ್ಪ ಅದನ್ನು ಹಾಕಿಸಿದ್ದು 1976ರ ಬೇಸಿಗೆಯಲ್ಲಿ. ಇನ್ನು ಸಾರಿಸುವ ಕಷ್ಟವಿಲ್ಲವೆಂದು ಅವ್ವನಿಗೆ ಹಿಗ್ಗೋ ಹಿಗ್ಗು. ಮುದುಕ ಗೌಂಡಿ ಕರಣಿ ತೊಳೆಯುತ್ತಾ ಹೇಳಿದ್ದ: "ಹತ್ತು ದಿನ ನೆಲ ಹಸಿ ಇರಬೇಕ್ರಿ ತಾಯಿ. ಲಗೂನ ಒಣಗಿತಂದ್ರ ಕೆಟ್ಟಿತು."

ಅವನ ಮಾತು ಸುಳ್ಳಲ್ಲ. ಸಿಮೆಂಟು ಗಟ್ಟಿಯಾಗುವುದು ನೀರು ಆರಿ ಅಲ್ಲ, ನೀರಿನೊಡನೆ ಕೂಡಿ. ಮೊದಲ ವಾರದಲ್ಲಿ ನೀರು ತಪ್ಪಿದರೆ ಮೇಲ್ಮೈ ಬಿರಿಯುತ್ತದೆ, ಪುಡಿಯೇಳುತ್ತದೆ. ಎಂಜಿನಿಯರುಗಳು ಕಾಂಕ್ರೀಟಿನ ಶಕ್ತಿಯನ್ನು 28ನೇ ದಿನಕ್ಕೆ ಅಳೆಯುವುದೂ ಅದಕ್ಕೇ.

ಆ ಬಿಸಿಲಲ್ಲಿ ಬಾವಿಯಿಂದ ಕೊಡ ಹೊತ್ತು ತಂದವರು ಅವ್ವ ಮತ್ತು ನಾನು. ಪಡಸಾಲೆಯ ನೆಲ ಮೊದಲೇ ಮುಗಿದಿತ್ತು. ಅದಕ್ಕೆ ಹತ್ತು ದಿನವೂ ಗೋಣಿತಾಟು ಹೊದಿಸಿ ನೀರು ಹಾಕಿದೆವು. ನಡುಮನೆಯದು ತಡವಾಯಿತು. ಅಷ್ಟರಲ್ಲಿ ಗೃಹಪ್ರವೇಶದ ಮುಹೂರ್ತ ಬಂದೇಬಿಟ್ಟಿತು. "ಇನ್ನೊಂದು ವಾರ ಮುಂದಕ್ಕ ಹಾಕಿದ್ರ ಆಗ್ತಿತ್ತು" ಎಂದಳು ಅವ್ವ. ಗಂಡಸರ್‍ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕನೇ ದಿನಕ್ಕೆ ಗೋಣಿತಾಟು ತೆಗೆದು, ಟ್ರಂಕು, ಒರಳು ಎಳೆದು ತಂದರು. ಊಟದ ಪಂಕ್ತಿ ಅಲ್ಲೇ ಕೂತಿತು.

ಪಡಸಾಲೆ ಕೊಬ್ಬರಿ ಎಣ್ಣೆ ಹಚ್ಚಿದಾಗಲೆಲ್ಲ ಕನ್ನಡಿಯಂತೆ ಹೊಳೆಯುತ್ತಿತ್ತು. ಬಂದವರೆಲ್ಲ ಹೊಗಳುವರು. ನಡುಮನೆಯಲ್ಲಿ ಮಾತ್ರ ಜೇಡರ ಬಲೆಯಂಥ ಬಿರುಕು, ಗುಡಿಸಿದಷ್ಟೂ ಕೆಂಪು ಹುಡಿ. ಸಾಯುವ ತನಕ ಅವ್ವ ಆ ಹುಡಿ ಗುಡಿಸಿದಳು. ಅವಳ ಸೀರೆಯ ಅಂಚು ಯಾವಾಗಲೂ ಕೆಂಪು. ಯಾರನ್ನೂ ಬೈದದ್ದು ನಾನು ಕೇಳಿಲ್ಲ. ಗುಡಿಸುವವಳನ್ನು ಮುಹೂರ್ತ ಇಡುವಾಗ ಒಂದು ಮಾತು ಕೇಳಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮಗಳಿಗೆ ಇದನ್ನೆಲ್ಲ ಹೇಳಿದೆ. ಎಣ್ಣೆ ಪಾಲಿಶ್ ಗಟ್ಟಿಯಾಗುವುದು ಗಾಳಿಯ ಆಮ್ಲಜನಕ ತೆಗೆದುಕೊಂಡು. ಮೇಲೆ ಒಣಗಿದರೂ ಒಳಗಿನ್ನೂ ಹಸಿ. ಜಮಖಾನೆ ಮುಚ್ಚಿದರೆ ಅದಕ್ಕೆ ಉಸಿರು ಕಟ್ಟಿದಂತೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೂಜೆ ಮುಂದಿನ ತಿಂಗಳು ಇಟ್ಕೋತೀನಮ್ಮ" ಎಂದಳು.