ಕಲಿಕಾಫಲ ಆಧಾರಿತ ಶ್ರೇಣೀಕರಣ

ಕಲಿಕಾಫಲ ಆಧಾರಿತ ಶ್ರೇಣೀಕರಣ ಎಂಬುದು ಮಗುವಿನ ಪ್ರಗತಿಯನ್ನು ಒಟ್ಟು ಅಂಕಗಳಿಂದಾಗಲಿ ತರಗತಿಯಲ್ಲಿ ಪಡೆದ ಸ್ಥಾನದಿಂದಾಗಲಿ ಅಳೆಯದೆ, ಮೊದಲೇ ಗೊತ್ತುಪಡಿಸಿದ ಒಂದೊಂದು ಸಾಮರ್ಥ್ಯವನ್ನು ಅದು ಎಷ್ಟರಮಟ್ಟಿಗೆ ಗಳಿಸಿದೆ ಎಂಬುದರ ಮೇಲೆ ನಿರ್ಧರಿಸುವ ಮೌಲ್ಯಮಾಪನ ಪದ್ಧತಿ. ಇದನ್ನು ಮಾನದಂಡ ಆಧಾರಿತ ಶ್ರೇಣೀಕರಣ ಎಂದೂ ಕರೆಯುತ್ತಾರೆ. ಕರ್ನಾಟಕದ ಕಿರಿಯ ಪ್ರಾಥಮಿಕ ತರಗತಿಗಳಲ್ಲಿ ಇದರ ತತ್ತ್ವವು ನಲಿ-ಕಲಿ ಪದ್ಧತಿಯಲ್ಲಿ ಸ್ಪಷ್ಟವಾಗಿಯೂ, ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಲ್ಲಿ (ಸಿ.ಸಿ.ಇ.) ಭಾಗಶಃ ಆಗಿಯೂ ಕಂಡುಬರುತ್ತದೆ.

== ಹಿನ್ನೆಲೆ ==

ಮಕ್ಕಳನ್ನು ಪರಸ್ಪರ ಹೋಲಿಸುವ ಬದಲು ನಿಶ್ಚಿತ ಮಾನದಂಡದೊಂದಿಗೆ ಹೋಲಿಸಬೇಕೆಂಬ ವಿಚಾರವನ್ನು ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಗ್ಲೇಸರ್ 1963ರಲ್ಲಿ ಮಂಡಿಸಿದರು. ಸಾಕಷ್ಟು ಸಮಯ ಮತ್ತು ನೆರವು ದೊರೆತರೆ ಬಹುಪಾಲು ಮಕ್ಕಳು ಪಾಠವನ್ನು ಕರಗತ ಮಾಡಿಕೊಳ್ಳಬಲ್ಲರೆಂದು ಬೆಂಜಮಿನ್ ಬ್ಲೂಮ್ 1968ರಲ್ಲಿ ಪ್ರತಿಪಾದಿಸಿದರು. ಭಾರತದಲ್ಲಿ ಆರ್.ಎಚ್. ದವೆ ಅಧ್ಯಕ್ಷತೆಯ ಸಮಿತಿಯು 1991ರಲ್ಲಿ ಪ್ರಾಥಮಿಕ ಹಂತಕ್ಕೆ 'ಕನಿಷ್ಠ ಕಲಿಕಾ ಮಟ್ಟ'ಗಳನ್ನು ಸೂಚಿಸಿತು. 2017ರಲ್ಲಿ ಎನ್.ಸಿ.ಇ.ಆರ್.ಟಿ. ಸಂಸ್ಥೆಯು 1ರಿಂದ 8ನೇ ತರಗತಿಯವರೆಗೆ ವಿಷಯವಾರು ಕಲಿಕಾಫಲಗಳನ್ನು ಪ್ರಕಟಿಸಿತು.

== ಕಾರ್ಯವಿಧಾನ ==

ಸಾಂಪ್ರದಾಯಿಕ ಅಂಕಪಟ್ಟಿಯಲ್ಲಿ ಗಣಿತಕ್ಕೆ ಒಂದೇ ಸಂಖ್ಯೆ ಇರುತ್ತದೆ. ಇಬ್ಬರು ಮಕ್ಕಳು ತಲಾ 60 ಅಂಕ ಪಡೆದಿದ್ದಾರೆ ಎಂದು ಭಾವಿಸಬಹುದು. ಒಬ್ಬಳಿಗೆ ಕೂಡುವ, ಗುಣಿಸುವ ಲೆಕ್ಕಗಳು ಚೆನ್ನಾಗಿ ಬರುತ್ತವೆ, ಭಾಗಾಕಾರ ಮಾತ್ರ ಬರುವುದಿಲ್ಲ. ಇನ್ನೊಬ್ಬನಿಗೆ ಎಲ್ಲವೂ ಅರೆಬರೆ. ಅಂಕ ಸಮವಾದರೂ ಇಬ್ಬರಿಗೂ ಬೇಕಾದ ಪಾಠ ಬೇರೆ ಬೇರೆ. ಕಲಿಕಾಫಲ ಆಧಾರಿತ ಪ್ರಗತಿಪತ್ರದಲ್ಲಿ ಕೂಡುವುದು, ದಶಕ ಸಹಿತ ಕಳೆಯುವುದು, ಭಾಗಿಸುವುದು ಇವೆಲ್ಲ ಪ್ರತ್ಯೇಕ ಸಾಲುಗಳಾಗಿರುತ್ತವೆ. ಪ್ರತಿ ಸಾಲಿನ ಮುಂದೆ 'ಗಳಿಸಿದೆ', 'ಗಳಿಸುತ್ತಿದೆ', 'ನೆರವು ಬೇಕು' ಎಂಬಂತಹ ಮೂರು ಅಥವಾ ನಾಲ್ಕು ಹಂತಗಳಲ್ಲಿ ಒಂದನ್ನು ಗುರುತಿಸಲಾಗುತ್ತದೆ.

ಈ ಪದ್ಧತಿಗೆ ಇನ್ನೆರಡು ಲಕ್ಷಣಗಳಿವೆ. ಮೊದಲನೆಯದು, ಜೂನ್ ತಿಂಗಳ ಸೋಲನ್ನೂ ಫೆಬ್ರವರಿಯ ಗೆಲುವನ್ನೂ ಸೇರಿಸಿ ಸರಾಸರಿ ತೆಗೆಯುವುದಿಲ್ಲ. ಮಗುವಿಗೆ ಈಗ ಏನು ಬರುತ್ತದೆ ಎಂಬುದೇ ದಾಖಲಾಗುತ್ತದೆ. ಎರಡನೆಯದು, ಹಾಜರಾತಿ, ಶಿಸ್ತು, ಅಂದವಾದ ಬರವಣಿಗೆ ಇವುಗಳನ್ನು ವಿಷಯಜ್ಞಾನದೊಂದಿಗೆ ಬೆರೆಸದೆ ಬೇರೆಯಾಗಿ ನಮೂದಿಸಲಾಗುತ್ತದೆ.

== ಕರ್ನಾಟಕದಲ್ಲಿ ==

=== ನಲಿ-ಕಲಿ ===

ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯಿಂದ ಪ್ರೇರಿತವಾದ ನಲಿ-ಕಲಿಯು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾಯಿತು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ 1 ಮತ್ತು 2ನೇ ತರಗತಿಗಳಿಗೂ, ಬಳಿಕ 3ನೇ ತರಗತಿಗೂ ವಿಸ್ತರಿಸಿತು.

ಇಲ್ಲಿ ಪಠ್ಯವನ್ನು ಕಲಿಕಾ ಏಣಿಯ ಮೇಲೆ ಮೈಲಿಗಲ್ಲುಗಳಾಗಿ ವಿಂಗಡಿಸಲಾಗಿದೆ. ಕನ್ನಡ ಕಲಿಕೆಯು ವರ್ಣಮಾಲೆಯ ಕ್ರಮದಲ್ಲಿ ಸಾಗದೆ ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ತೊಡಗುತ್ತದೆ. ಇಷ್ಟರಿಂದಲೇ 'ಸರ', 'ಅರಸ', 'ಅಗಸ' ಮುಂತಾದ ಪದಗಳನ್ನು ಓದಲು ಸಾಧ್ಯ. ಮಗು ಚಟುವಟಿಕೆ ಕಾರ್ಡುಗಳ ಮೂಲಕ ಕಲಿತು, ಅಭ್ಯಾಸ ಮಾಡಿ, ಮೌಲ್ಯಮಾಪನದ ಮೆಟ್ಟಿಲನ್ನು ದಾಟಿದ ಮೇಲೆ ಜ, ವ, ಮ, ಬ, ನ ಅಕ್ಷರಗಳ ಮುಂದಿನ ಹಂತಕ್ಕೆ ಹೋಗುತ್ತದೆ. ದಾಟದಿದ್ದರೆ ಪೂರಕ ಚಟುವಟಿಕೆಗಳಿವೆ. 'ನಪಾಸು' ಎಂಬ ಮಾತಿಲ್ಲ. ಕಾಯಿಲೆಯಿಂದಲೋ ಪೋಷಕರ ಗುಳೆಯಿಂದಲೋ ಶಾಲೆ ತಪ್ಪಿಸಿಕೊಂಡ ಮಗು ಮರಳಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಕಲಿಕೆಯನ್ನು ಮುಂದುವರಿಸುತ್ತದೆ. ಪ್ರತಿ ಮಗುವೂ ಯಾವ ಮೈಲಿಗಲ್ಲಿನಲ್ಲಿದೆ ಎಂಬುದನ್ನು 'ಪ್ರಗತಿನೋಟ'ದಲ್ಲಿ ಗುರುತಿಸಲಾಗುತ್ತದೆ.

=== ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ===

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಪ್ರಕರಣವು ಈ ಬಗೆಯ ಮೌಲ್ಯಮಾಪನವನ್ನು ವಿಧಿಸುತ್ತದೆ. ರಾಜ್ಯದಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಹಾಗೂ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ನಡೆಯುತ್ತವೆ. ಮಗುವಿನ ಚಿತ್ರ, ಬರಹ, ಯೋಜನೆಗಳನ್ನು ಕೃತಿಸಂಪುಟದಲ್ಲಿ ಸಂಗ್ರಹಿಸಲಾಗುತ್ತದೆ. ಫಲಿತಾಂಶವನ್ನು ಎ+, ಎ, ಬಿ+, ಬಿ, ಸಿ ಎಂಬ ಐದು ಶ್ರೇಣಿಗಳಲ್ಲಿ ನೀಡಲಾಗುತ್ತದೆ. ದಾವಣಗೆರೆ ಸೇರಿದಂತೆ ಎಲ್ಲ ಜಿಲ್ಲೆಗಳಲ್ಲಿ ಶಿಕ್ಷಕರ ತರಬೇತಿಯ ಹೊಣೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯದು (ಡಯಟ್). ಶಾಲಾ ಹಂತದಲ್ಲಿ ಸಮೂಹ ಸಂಪನ್ಮೂಲ ವ್ಯಕ್ತಿಗಳು ಮಾರ್ಗದರ್ಶನ ನೀಡುತ್ತಾರೆ.

ಆದರೆ ಈ ಶ್ರೇಣಿಗಳು ಅಂಕಗಳ ಶೇಕಡಾವಾರು ವ್ಯಾಪ್ತಿಯಿಂದ ಹುಟ್ಟುತ್ತವೆ. ಆದ್ದರಿಂದ 'ಬಿ+' ಎಂಬ ಅಕ್ಷರವು ಮಗುವಿಗೆ ಯಾವ ಸಾಮರ್ಥ್ಯ ಬಂದಿಲ್ಲ ಎಂಬುದನ್ನು ತಿಳಿಸುವುದಿಲ್ಲ. ಅಂಕವನ್ನು ಅಕ್ಷರಕ್ಕೆ ಬದಲಾಯಿಸುವುದೂ ಕಲಿಕಾಫಲವನ್ನು ಅಳೆಯುವುದೂ ಒಂದೇ ಅಲ್ಲ.

=== ಕಲಿಕಾ ಚೇತರಿಕೆ ===

ಕೋವಿಡ್ ಅವಧಿಯ ಕಲಿಕಾ ನಷ್ಟವನ್ನು ತುಂಬಲು 2022-23ರಲ್ಲಿ ಕೈಗೊಂಡ 'ಕಲಿಕಾ ಚೇತರಿಕೆ' ಕಾರ್ಯಕ್ರಮವು ಕಲಿಕಾಫಲಗಳನ್ನೇ ಬೋಧನೆಯ ಘಟಕವಾಗಿಸಿ, ಅವುಗಳಿಗೆ ತಕ್ಕ ಕಲಿಕಾ ಹಾಳೆಗಳನ್ನು ಒದಗಿಸಿತು.

== ಟೀಕೆ ಮತ್ತು ಚರ್ಚೆ ==

ದಾಖಲೆಗಳ ಹೊರೆಯು ಶಿಕ್ಷಕರ ಮುಖ್ಯ ಆಕ್ಷೇಪ. ಏಕೋಪಾಧ್ಯಾಯ ಶಾಲೆಯಲ್ಲಿ ಪ್ರತಿ ಮಗುವಿನ ಪ್ರತಿ ಸಾಮರ್ಥ್ಯವನ್ನೂ ಬರೆದಿಡಲು ಬೋಧನೆಯ ಸಮಯವನ್ನೇ ಬಳಸಬೇಕಾಗುತ್ತದೆ. ಸಮಯ ಸಾಲದೆ ಹೋದಾಗ ದಾಖಲೆಯು ಗಮನಿಸಿ ಬರೆದದ್ದಾಗಿರದೆ ಊಹಿಸಿ ತುಂಬಿದ್ದಾಗುವ ಅಪಾಯವಿದೆ. ಅನೇಕ ಪೋಷಕರಿಗೆ ಅಂಕ ಮತ್ತು ಸ್ಥಾನವೇ ಪರಿಚಿತ ಭಾಷೆ. ಇನ್ನೊಂದೆಡೆ, 2005ರಲ್ಲಿ ಆರಂಭವಾದ 'ಅಸರ್' ಸಮೀಕ್ಷೆಯು ಮಕ್ಕಳು ಅಕ್ಷರ, ಪದ, ವಾಕ್ಯವೃಂದ, ಕಥೆ ಇವುಗಳಲ್ಲಿ ಯಾವುದನ್ನು ಓದಬಲ್ಲರು ಎಂದು ನೇರವಾಗಿ ಪರೀಕ್ಷಿಸಿ, ತೇರ್ಗಡೆಗೂ ಕಲಿಕೆಗೂ ನಡುವಿನ ಅಂತರವನ್ನು ಸಾರ್ವಜನಿಕ ಚರ್ಚೆಗೆ ತಂದಿತು.

ಈ ಅಂತರವನ್ನು ಮುಂದಿಟ್ಟು ಸಾಮಾನ್ಯ ಪರೀಕ್ಷೆಗಳು ಬೇಕೆಂಬ ವಾದವೂ ಬಲಗೊಂಡಿತು. ರಾಜ್ಯ ಸರ್ಕಾರವು 2022-23ರಲ್ಲಿ 5 ಮತ್ತು 8ನೇ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನವನ್ನು ನಡೆಸಿತು. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಂಡಳಿ ಪರೀಕ್ಷೆ ಕಡ್ಡಾಯವಲ್ಲ ಎನ್ನುವ ಕಾಯ್ದೆಯ 30ನೇ ಪ್ರಕರಣವೂ ಚರ್ಚೆಗೆ ಬಂದು, ವಿಷಯವು ನ್ಯಾಯಾಲಯದ ಮೆಟ್ಟಿಲೇರಿತು. ಮರುವರ್ಷದ ಪರೀಕ್ಷೆಗಳಿಗೆ ಹೈಕೋರ್ಟ್ ನೀಡಿದ್ದ ಅನುಮತಿಗೆ ಸರ್ವೋಚ್ಚ ನ್ಯಾಯಾಲಯವು 2024ರ ಏಪ್ರಿಲ್‌ನಲ್ಲಿ ತಡೆ ನೀಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಅಂಕಪಟ್ಟಿಯ ಬದಲು ಸಮಗ್ರ ಪ್ರಗತಿಪತ್ರವನ್ನು ಶಿಫಾರಸು ಮಾಡಿದೆ.