ಕಾರಿನ ಡಿಕ್ಕಿಯಲ್ಲಿ ಗಡ್ಡೆ ತುಂಬಿಕೊಂಡು ಹೋದ ಡಾಕ್ಟರ್

ಹೋದ ತಿಂಗಳು ನಮ್ಮಕ್ಕನ ಜೊತೆ ಸ್ಕ್ಯಾನಿಂಗ್ ಸೆಂಟರ್‌ಗೆ ಹೋಗಿದ್ದೆ. ಐದನೇ ತಿಂಗಳ ಸ್ಕ್ಯಾನ್. ಟೋಕನ್ ಹಿಡ್ಕೊಂಡು ಕೂತಿದ್ವಿ. ಎದುರಿನ ಗೋಡೆಯಲ್ಲಿ ಆ ಬೋರ್ಡು: ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ. ನೀವೂ ನೋಡಿರ್ತೀರಿ. ನನಗೆ ಅವತ್ತು ಒಂದು ಪ್ರಶ್ನೆ ಬಂತು. ಈ ಮಶೀನನ್ನ ಮೊದಲು ಗರ್ಭಿಣಿಯರ ಹತ್ತಿರ ತಂದವರು ಯಾರು, ಯಾಕೆ ತಂದರು? ಬಿ.ಕಾಂ ಓದಿದ ನನಗೆ ಡಾಕ್ಟರಿಕೆ ಗೊತ್ತಿಲ್ಲ. ಹುಡುಕ್ತಾ ಹೋದಾಗ ಸಿಕ್ಕಿದ್ದು ಒಬ್ಬ ಮಾಜಿ ಯೋಧ.

ಹೆಸರು ಇಯಾನ್ ಡೊನಾಲ್ಡ್. ಹುಟ್ಟಿದ್ದು 1910ರಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ. ಲಂಡನ್ನಿನಲ್ಲಿ ವೈದ್ಯಕೀಯ ಓದಿ, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಡಾಕ್ಟರ್ ಆದರು. ಒಮ್ಮೆ ಬಿದ್ದು ಉರಿಯುತ್ತಿದ್ದ ಬಾಂಬರ್ ವಿಮಾನದೊಳಗಿಂದ ಜೊತೆಯವರನ್ನು ಹೊರಗೆಳೆದರು. ಒಳಗೆ ಇನ್ನೂ ಬಾಂಬುಗಳಿದ್ದವು! ಅದಕ್ಕೆ 1946ರಲ್ಲಿ ಎಂಬಿಇ ಗೌರವ ಸಿಕ್ಕಿತು.

ಆದರೆ ಯುದ್ಧದಿಂದ ಅವರು ಮನೆಗೆ ತಂದ ಇನ್ನೊಂದು ಆಸ್ತಿ ಇತ್ತು. ರೇಡಾರ್ ಮತ್ತು ಸೋನಾರ್ ಬಗ್ಗೆ ಕುತೂಹಲ. ಬಾವಿಗೆ ಬಗ್ಗಿ ಕೂಗಿದರೆ ಸದ್ದು ವಾಪಸ್ ಬರುತ್ತಲ್ವಾ? ಬರೋಕೆ ಎಷ್ಟು ಹೊತ್ತು ಹಿಡೀತು ಅಂತ ಲೆಕ್ಕ ಹಾಕಿದರೆ ನೀರು ಎಷ್ಟು ಆಳದಲ್ಲಿದೆ ಅಂತ ಹೇಳಬಹುದು. ಸೋನಾರ್ ಸಮುದ್ರದಲ್ಲಿ ಮಾಡೋದು ಇದನ್ನೇ. ಹೊಟ್ಟೆಯೊಳಗೂ ಹೀಗೇ ನೋಡಬಹುದಾ ಅನ್ನೋದು ಡೊನಾಲ್ಡ್ ಅವರ ಪ್ರಶ್ನೆ.

1954ರಲ್ಲಿ ಗ್ಲಾಸ್ಗೋದಲ್ಲಿ ಪ್ರಸೂತಿ ವಿಭಾಗದ ಪ್ರೊಫೆಸರ್ ಆದರು. ಅವರ ರೋಗಿಯೊಬ್ಬರ ಗಂಡ ಬಾಯ್ಲರ್ ತಯಾರಿಸುವ ಕಂಪನಿಯ ನಿರ್ದೇಶಕ. ಅಲ್ಲಿ ಲೋಹದ ಬಿರುಕು ಹುಡುಕೋಕೆ ಶಬ್ದದ ಯಂತ್ರ ಬಳಸ್ತಿದ್ದರು. 1955ರ ಜುಲೈ 21. ಡೊನಾಲ್ಡ್ ಎರಡು ಕಾರುಗಳ ಡಿಕ್ಕಿಯಲ್ಲಿ, ಆಪರೇಷನ್‌ನಲ್ಲಿ ತೆಗೆದ ಗಡ್ಡೆಗಳನ್ನು ತುಂಬಿಕೊಂಡು ಆ ಫ್ಯಾಕ್ಟರಿಗೆ ಹೋದರು. ಹೋಲಿಸಿ ನೋಡೋಕೆ ಅಂತ ಒಂದು ದೊಡ್ಡ ದನದ ಮಾಂಸದ ತುಂಡೂ ಅಲ್ಲಿತ್ತು. ನೀರು ತುಂಬಿದ ಗಡ್ಡೆ ಒಂದು ಥರ, ಗಟ್ಟಿ ಗಡ್ಡೆ ಇನ್ನೊಂದು ಥರ ಪ್ರತಿಧ್ವನಿ ಕೊಟ್ಟವು. ದಾರಿ ಸಿಕ್ಕಿತು.

ಆಮೇಲೆ ಟಾಮ್ ಬ್ರೌನ್ ಎಂಬ ಯುವ ಎಂಜಿನಿಯರ್, ಜಾನ್ ಮ್ಯಾಕ್‌ವಿಕರ್ ಎಂಬ ಡಾಕ್ಟರ್ ಜೊತೆಯಾದರು. ಒಬ್ಬ ಹೆಂಗಸಿಗೆ ಹೊಟ್ಟೆ ಕ್ಯಾನ್ಸರ್, ಆಪರೇಷನ್ ಮಾಡೋಕಾಗಲ್ಲ ಅಂತ ಕೈಬಿಟ್ಟಿದ್ದರು. ಇವರ ಯಂತ್ರ ಬೇರೆಯೇ ಹೇಳಿತು: ಅದು ನೀರುಗಡ್ಡೆ. ತೆಗೆದರು, ಆಕೆ ಬದುಕಿದರು. 1958ರ ಜೂನ್‌ನಲ್ಲಿ ಮೂವರೂ ಸೇರಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ ಲೇಖನ ಪ್ರಸೂತಿ ವೈದ್ಯಕೀಯದ ದಿಕ್ಕನ್ನೇ ಬದಲಿಸಿತು.

ಡೊನಾಲ್ಡ್ ಯಂತ್ರಕ್ಕೇ ನಿಲ್ಲಲಿಲ್ಲ. ಗ್ಲಾಸ್ಗೋದಲ್ಲಿ ಹೊಸ ಹೆರಿಗೆ ಆಸ್ಪತ್ರೆ ಬೇಕು ಅಂತ ಪಟ್ಟು ಹಿಡಿದು, ವಾಸ್ತುಶಿಲ್ಪಿ ಜೊತೆ ಕೂತು ಯೋಜನೆ ಮಾಡಿದರು. ಮಕ್ಕಳ ಆಸ್ಪತ್ರೆಯ ಪಕ್ಕದಲ್ಲೇ ಕ್ವೀನ್ ಮದರ್ಸ್ ಆಸ್ಪತ್ರೆ 1964ರಲ್ಲಿ ಶುರುವಾಯಿತು. ಹುಟ್ಟಿದ ಕೂಸಿಗೆ ತೊಂದರೆಯಾದರೆ ದೂರ ಓಡಬೇಕಿರಲಿಲ್ಲ.

ಈಗ ಆ ಬೋರ್ಡಿಗೆ ಬರೋಣ. 1967ರಲ್ಲಿ ಬ್ರಿಟನ್ ಗರ್ಭಪಾತಕ್ಕೆ ಕಾನೂನಿನ ಅವಕಾಶ ಕೊಟ್ಟಾಗ, ಬಹಿರಂಗವಾಗಿ ವಿರೋಧಿಸಿದವರಲ್ಲಿ ಡೊನಾಲ್ಡ್ ಒಬ್ಬರು. ಆ ನಿಲುವನ್ನು ನೀವು ಒಪ್ಪಬಹುದು, ಬಿಡಬಹುದು. ಆದರೆ ಅವರು ಬೆಳೆಸಿದ ಯಂತ್ರವೇ ನಮ್ಮ ದೇಶದಲ್ಲಿ ಹೆಣ್ಣು ಅಂತ ಗೊತ್ತಾದ ಕೂಡಲೇ ತೆಗೆಸೋಕೆ ಬಳಕೆಯಾಯ್ತು. 1994ರಲ್ಲಿ ಸಂಸತ್ತು ಅದನ್ನು ತಡೆಯೋ ಕಾನೂನು ಮಾಡಿತು. ಆದರೂ ಆರು ವರ್ಷದೊಳಗಿನ ಸಾವಿರ ಗಂಡು ಮಕ್ಕಳಿಗೆ 1991ರಲ್ಲಿ 945 ಇದ್ದ ಹೆಣ್ಣು ಮಕ್ಕಳು 2001ರ ಜನಗಣತಿಯಲ್ಲಿ 927 ಆದರು. ಇದು ಹಳೇ ಕಥೆ ಅನ್ಕೋಬೇಡಿ. 2023ರ ಕೊನೆಯಲ್ಲಿ ನಮ್ಮ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಶೀನು ಇಟ್ಟು ಲಿಂಗ ಪತ್ತೆ ಮಾಡ್ತಿದ್ದ ಜಾಲ ಪೊಲೀಸ್ ತನಿಖೆಯಲ್ಲಿ ಹೊರಬಿತ್ತು. ಬೆಲ್ಲ ಕಾಯಿಸೋ ಜಾಗ ಅದು.

ಗಡ್ಡೆಯ ಒಳಗೆ ಏನಿದೆ ಅಂತ ಡೊನಾಲ್ಡ್ ಕೇಳಿದ್ದು ಆ ಹೆಂಗಸನ್ನ ಉಳಿಸೋಕೆ. ಆಲೆಮನೆಯಲ್ಲಿ ಕೇಳಿದ್ದೂ ಒಳಗೆ ಏನಿದೆ ಅಂತಲೇ.

ಅಕ್ಕ ಹೊರಗೆ ಬಂದಳು. ಮನೆಗೆ ಹೋದಾಗ ಅವರತ್ತೆ ಕೇಳಿದ್ದು ಒಂದೇ ಮಾತು, "ಏನಂತೆ?" ಅಕ್ಕ ಚಪ್ಪಲಿ ಬಿಡ್ತಾ ಅಂದಳು: "ಎದೆಬಡಿತ ಚೆನ್ನಾಗಿದೆಯಂತೆ ಅತ್ತೆ." ಅವರು ಇನ್ನೇನೂ ಕೇಳಲಿಲ್ಲ, ಕಾಫಿಗೆ ಹಾಲಿಟ್ಟರು.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.