ಗೆದ್ದವರಿಗೂ ಸೊನ್ನೆಯಿಂದಲೇ ಶುರು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ನಮಗೆಲ್ಲ ಆರ್. ವಿನಯ್ ಕುಮಾರ್ ಅಂದರೆ 'ದಾವಣಗೆರೆ ಎಕ್ಸ್‌ಪ್ರೆಸ್'. ನಮ್ಮ ಜಿಲ್ಲೆಯ ಈ ವೇಗಿ ನಾಯಕರಾಗಿದ್ದಾಗ ಕರ್ನಾಟಕ ಸತತ ಎರಡು ಸಲ ರಣಜಿ ಟ್ರೋಫಿ ಗೆದ್ದಿತು. ಆ ಗೆಲುವು ಎಲ್ಲರಿಗೂ ನೆನಪಿದೆ. ಅದರ ಮರುವರ್ಷ ಏನಾಯಿತು?

2014ರ ಫೈನಲ್‌ನಲ್ಲಿ, ಹೈದರಾಬಾದ್‌ನಲ್ಲಿ, ಕರ್ನಾಟಕದ ಎದುರು ಮಹಾರಾಷ್ಟ್ರ ಸೋತಿತು. 2015ರ ಮಾರ್ಚ್‌ನಲ್ಲಿ, ಮುಂಬೈನಲ್ಲಿ, ತಮಿಳುನಾಡು ಇನಿಂಗ್ಸ್ ಮತ್ತು 217 ರನ್‌ಗಳಿಂದ ಸೋತಿತು. ಕರುಣ್ ನಾಯರ್ 328 ಹೊಡೆದರು. ವಿನಯ್ ಐದು ವಿಕೆಟ್ ಕಿತ್ತು, ಔಟಾಗದೆ 105 ರನ್ನೂ ಮಾಡಿದರು. ಈ ತಂಡವನ್ನು ಇನ್ನು ಸೋಲಿಸುವವರು ಯಾರು ಅನ್ನಿಸಿತ್ತು.

2015-16ರಲ್ಲಿ ಕಥೆಯೇ ಬೇರೆ. ಕೆ.ಎಲ್. ರಾಹುಲ್, ಸ್ಟುವರ್ಟ್ ಬಿನ್ನಿಗೆ ಭಾರತ ತಂಡದ ಕರೆ ಬಂತು. ರಣಜಿಯಲ್ಲಿ ಗೆದ್ದರೆ 6 ಅಂಕ. ಡ್ರಾ ಆದರೆ ಮೊದಲ ಇನಿಂಗ್ಸ್‌ನಲ್ಲಿ ಮುಂದಿದ್ದವರಿಗೆ 3, ಹಿಂದೆ ಬಿದ್ದವರಿಗೆ 1. ಕರ್ನಾಟಕ ಸುಲಭಕ್ಕೆ ಸೋಲಲಿಲ್ಲ, ಆದರೆ ಬೇಕಾದಷ್ಟು ಗೆಲ್ಲಲೂ ಇಲ್ಲ. ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಕೊನೆಯ ಲೀಗ್ ಪಂದ್ಯ, ಎದುರಿಗೆ ಅದೇ ಮಹಾರಾಷ್ಟ್ರ. ಅಲ್ಲಿ ಸೋತಿತು. ಎ ಗುಂಪಿನಿಂದ ವಿದರ್ಭ, ಬಂಗಾಳ, ಅಸ್ಸಾಂ ಕ್ವಾರ್ಟರ್ ಫೈನಲ್‌ಗೆ ಹೋದವು. ಚಾಂಪಿಯನ್ನರು ಮನೆಗೆ ಬಂದರು.

ಹಿಂದಿನ ಟ್ರೋಫಿ ಹೊಸ ವರ್ಷಕ್ಕೆ ಒಂದು ಅಂಕವನ್ನೂ ತರುವುದಿಲ್ಲ. ಕೊನೆಯ ಸೋಲು ನಮ್ಮ ಕಣ್ಣಿಗೆ ಬೀಳುತ್ತದೆ, ಅದಕ್ಕೂ ಮೊದಲು ಡ್ರಾಗಳಲ್ಲಿ ಕೈತಪ್ಪಿದ ಅಂಕಗಳು ಬೀಳುವುದಿಲ್ಲ. ಒಂದು ಸೋಲಿಗೇ ನಾಯಕನನ್ನು ಬೈಯುವ ನಾವು ಇದನ್ನು ನೆನಪಿಡಬೇಕು.

ವಿನಯ್ ಓಟ ನಿಲ್ಲಿಸಲಿಲ್ಲ. 2017ರ ಡಿಸೆಂಬರ್‌ನಲ್ಲಿ ನಾಗಪುರದ ಕ್ವಾರ್ಟರ್ ಫೈನಲ್‌ನಲ್ಲಿ ಮುಂಬೈ ವಿರುದ್ಧ ಹ್ಯಾಟ್ರಿಕ್ ಪಡೆದರು. ಆಗಲೂ ಅವರೇ ನಾಯಕ.